ಮುಂಚಕ್ರದ ನಡುಕ: ಬಿಗಿಯಬೇಕಾದದ್ದು ಯಾವ ನಟ್ಟು?

ಪ್ರಶ್ನೆ: ಕಿಟ್ ತರಿಸಿ ಗೆಳೆಯರೆಲ್ಲ ಸೇರಿ ಕಟ್ಟಿದ ಎರಡು ಆಸನದ ಲಘು ವಿಮಾನವೊಂದು ನಮ್ಮಲ್ಲಿದ್ದು, ಜಕ್ಕೂರಿನಿಂದ ಹಾರಿಸುತ್ತೇವೆ. ಅದರ ಮುಂಚಕ್ರಕ್ಕೆ ಪೆಡಲ್‌ಗಳ ಜೋಡಣೆಯಿಲ್ಲ. ತಾನಾಗಿಯೇ ತಿರುಗುವ ಬಗೆಯದು. ಈಚೆಗೆ ಇಳಿದ ಮೇಲೆ ವೇಗ ತಗ್ಗುವ ಹೊತ್ತಿಗೆ ಚಕ್ರ ಎಡಕ್ಕೂ ಬಲಕ್ಕೂ ಅದುರಿ, ಉಪಕರಣಗಳ ಫಲಕವೇ ನಡುಗುತ್ತದೆ. ಆಕ್ಸಲ್ ನಟ್ಟನ್ನು ಇನ್ನಷ್ಟು ಬಿಗಿದರೂ ಗುಣ ಕಾಣಲಿಲ್ಲ. ಟೈರ್ ಬದಲಿಸಬೇಕೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಟೈರಿನ ಮಾತು ಆಮೇಲೆ. ಮೊದಲು ಆಕ್ಸಲ್ ನಟ್ಟನ್ನು ಕೈಪಿಡಿಯಲ್ಲಿರುವ ಹದಕ್ಕೆ ಸಡಿಲಿಸಿ. ಅಲ್ಲಿಯವರೆಗೆ ದಯವಿಟ್ಟು ಹಾರಾಟ ಬೇಡ.

ಆ ನಟ್ಟಿಗೂ ನಡುಕಕ್ಕೂ ನೇರ ಸಂಬಂಧವಿಲ್ಲ. ಅದರ ಕೆಲಸ ಚಕ್ರದ ಬೇರಿಂಗ್‌ಗಳನ್ನು ಹದವಾಗಿ ಹಿಡಿದಿಡುವುದು. ಅತಿಯಾಗಿ ಬಿಗಿದರೆ ಬೇರಿಂಗ್ ಬಿಸಿಯಾಗುತ್ತದೆ, ಚಕ್ರ ಸಲೀಸಾಗಿ ಉರುಳದೆ ಎಳೆಯುತ್ತದೆ, ಆ ಎಳೆತಕ್ಕೆ ಮುಂಚಕ್ರವನ್ನು ಹೊತ್ತ ಸ್ಪ್ರಿಂಗ್ ಉಕ್ಕಿನ ಕಾಲು ಹಿಂದಕ್ಕೆ ಬಾಗುತ್ತದೆ; ಹಳ್ಳವೊಂದು ಅಡ್ಡ ಸಿಕ್ಕಿತೆಂದರೆ ಫೋರ್ಕಿನ (ಚಕ್ರವನ್ನು ಎರಡೂ ಬದಿಯಿಂದ ಹಿಡಿದ ಕವಲು) ತಳ ನೆಲಕ್ಕೆ ನಾಟಿ ವಿಮಾನ ಪಲ್ಟಿಯಾಗಲೂಬಹುದು. ಕಿಟ್ ವಿಮಾನಗಳನ್ನು ತಯಾರಿಸುವ ಅಮೆರಿಕದ ವ್ಯಾನ್ಸ್ ಸಂಸ್ಥೆ 2007ರಲ್ಲಿ ತನ್ನ ಆರ್‌ವಿ ಮಾದರಿಗಳ ಫೋರ್ಕನ್ನು ಬದಲಿಸಿ, ನೆಲಕ್ಕೂ ಅದರ ಮುಂದಿನ ನಟ್ಟಿಗೂ ನಡುವಣ ಅಂತರವನ್ನು ಹೆಚ್ಚಿಸಿದ್ದು ಇಂಥ ಪಲ್ಟಿಗಳ ಹಿನ್ನೆಲೆಯಲ್ಲೇ.

ನಡುಕವನ್ನು ಹಿಡಿದಿಡುವುದು ಇನ್ನೊಂದು ನಟ್ಟು: ಫೋರ್ಕ್ ಕಾಲಿನ ತುದಿಗೆ ಕೂಡುವಲ್ಲಿರುವ, ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ಟು. ಅದು ಬಟ್ಟಲಿನಾಕಾರದ ಸ್ಪ್ರಿಂಗ್ ವಾಷರ್‌ಗಳನ್ನು ಅದುಮಿ, ಫೋರ್ಕ್ ತಿರುಗುವುದಕ್ಕೆ ತುಸು ಘರ್ಷಣೆಯನ್ನು ಒಡ್ಡುತ್ತದೆ. ಆ ಘರ್ಷಣೆ ಕಡಿಮೆಯಾದಾಗ ಚಕ್ರವು ಸೂಪರ್ ಮಾರ್ಕೆಟ್ಟಿನ ಟ್ರಾಲಿಯ ಚಕ್ರದಂತೆ ಪಟಪಟನೆ ಆಡತೊಡಗುತ್ತದೆ. ಹೊಸ ವಿಮಾನದಲ್ಲಿ ವಾಷರ್‌ಗಳು ಒಂದಕ್ಕೊಂದು ಹೊಂದಿಕೊಂಡು ಕೂರುವಾಗ ಬಿಗಿತ ತಾನಾಗಿ ಇಳಿಯುವುದರಿಂದ, ಮೊದಲ ಕೆಲವು ಗಂಟೆಗಳ ಹಾರಾಟದ ನಂತರ ಮತ್ತೆ ಅಳೆಯಲೇಬೇಕು. ಬಹಳ ಮಂದಿ ಮರೆಯುವುದು ಇದನ್ನೇ.

ಅಳೆಯುವುದಕ್ಕೆ ದುಬಾರಿ ಉಪಕರಣವೇನೂ ಬೇಡ, ಎಸ್‌.ಪಿ. ರಸ್ತೆಯಲ್ಲಿ ಸಿಗುವ ಒಳ್ಳೆಯ ಸ್ಪ್ರಿಂಗ್ ತಕ್ಕಡಿ ಸಾಕು. ಇಗ್ನಿಷನ್ ಆಫ್ ಮಾಡಿ ಕೀಲಿ ತೆಗೆದಿಡಿ, ಹಿಂಚಕ್ರಗಳಿಗೆ ಅಡ್ಡಗಟ್ಟೆ ಕೊಡಿ, ಬಾಲದ ಕಟ್ಟುಬಳೆಗೆ ಮರಳು ಚೀಲ ತೂಗುಹಾಕಿ ಮೂತಿಯನ್ನು ಮೇಲೆತ್ತಿ. ಚಕ್ರದ ಹೊದಿಕೆಯನ್ನು ಕಳಚಿ, ತಕ್ಕಡಿಯ ಕೊಕ್ಕೆಯನ್ನು ಆಕ್ಸಲ್‌ನ ತುದಿಗೆ ಸಿಕ್ಕಿಸಿ, ಫೋರ್ಕಿಗೆ ಲಂಬಕೋನದಲ್ಲಿ ಪಕ್ಕಕ್ಕೆ ನಿಧಾನವಾಗಿ ಎಳೆಯಿರಿ. ಫೋರ್ಕ್ ಮಿಸುಕಿದ ಕ್ಷಣದಲ್ಲಿ ತಕ್ಕಡಿ ತೋರಿಸುವ ಅಂಕಿಯೇ ನಿಮಗೆ ಬೇಕಾದದ್ದು. ಆರ್‌ವಿ–7ಎ ಕಟ್ಟುವವರಿಗೆ ಹೇಳಿರುವುದು 22 ಪೌಂಡ್, ಎಂದರೆ ಸುಮಾರು 10 ಕಿಲೋ. ನಿಮ್ಮ ವಿಮಾನ ಬೇರೆ ಮಾದರಿಯದಾದರೆ ಅದರ ಕೈಪಿಡಿಯ ಅಂಕಿಯೇ ಪ್ರಮಾಣ. ಕ್ಯಾಸಲ್ ನಟ್ಟಿಗೆ ಆರು ಸೀಳುಗಳಿರುವುದರಿಂದ ಒಂದು ಸೀಳಿನಿಂದ ಇನ್ನೊಂದಕ್ಕೆ 60 ಡಿಗ್ರಿ ತಿರುಗಿಸಬೇಕಾಗುತ್ತದೆ, ಅಷ್ಟರಲ್ಲಿ ಬಿಗಿತ ಗುರಿ ದಾಟಿಬಿಡಬಹುದು. ಆಗ ವಿನ್ಯಾಸಕಾರರು ಒಪ್ಪಿದ ದಪ್ಪದ ವಾಷರ್ ಸೇರಿಸಿ ಸರಿದೂಗಿಸಬೇಕೇ ಹೊರತು, ನಟ್ಟು ತಾನಾಗಿ ತಿರುಗದಂತೆ ಸೀಳಿನಲ್ಲಿ ತೂರಿಸುವ ಕಾಟರ್ ಪಿನ್ನಿಗಾಗಿ ನಟ್ಟನ್ನು ಸಡಿಲಿಸಬಾರದು. ಪಿನ್ ಪ್ರತಿ ಸಲವೂ ಹೊಸದೇ ಆಗಿರಲಿ, ಸ್ಕೂಟರ್ ಗ್ಯಾರೇಜಿನದು ಬೇಡವೇ ಬೇಡ.

ಮೂತಿ ಮೇಲಿರುವಾಗಲೇ ಚಕ್ರವನ್ನೂ ಕೈಯಿಂದ ತಿರುಗಿಸಿ ನೋಡಿ. ಸೀಲಿನ ಸಣ್ಣ ತಡೆ ಬಿಟ್ಟರೆ ಅದು ನುಣುಪಾಗಿ ತಿರುಗಬೇಕು, ಪಕ್ಕಕ್ಕೆ ಅಲುಗಿಸಿದರೆ ಆಟವಿರಬಾರದು. ಗರಗರ ಎಂದರೆ ಬೇರಿಂಗ್ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಬೇಕು. ಮಳೆಗಾಲದಲ್ಲಿ ಕೆಂಪು ಮಣ್ಣು ಹೊದಿಕೆಯೊಳಗೆ ಮೆತ್ತಿಕೊಂಡು ಒಣಗುವುದರಿಂದ ಅದನ್ನೂ ಆಗಾಗ ಕೆರೆದು ತೆಗೆಯಿರಿ.

ನಮ್ಮ ಊರಿನ ಎತ್ತರವನ್ನೂ ಗಮನದಲ್ಲಿಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ, ವೇಗಮಾಪಕ ಅದೇ ಅಂಕಿ ತೋರಿಸುತ್ತಿದ್ದರೂ ಇಲ್ಲಿ ನೆಲ ಮುಟ್ಟುವ ವೇಗ ಕರಾವಳಿಗಿಂತ ಸುಮಾರು ಶೇ 5ರಷ್ಟು ಹೆಚ್ಚು, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಹೀಗಾಗಿ ಇಳಿದ ಮೇಲೂ ನಿಯಂತ್ರಣದ ಸ್ಟಿಕ್ಕನ್ನು ಹಿಂದಕ್ಕೆ ಹಿಡಿದು ಮುಂಚಕ್ರದ ಮೇಲೆ ಭಾರ ಆದಷ್ಟು ತಡವಾಗಿ ಬೀಳುವಂತೆ ನೋಡಿಕೊಳ್ಳಿ.

ಇಷ್ಟಾದರೂ ನಡುಕ ನಿಲ್ಲದಿದ್ದರೆ ಟೈರಿನ ಗಾಳಿ, ಅದರ ಸಮತೋಲ ಮತ್ತು ಫೋರ್ಕಿನ ಬುಶ್ ಸವೆತವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿ. ಟೈರ್ ಒಂದೇ ಕಡೆ ಸವೆದಿದ್ದರೆ ಬದಲಿಸಿ. ಇಲ್ಲವಾದರೆ ಆ ಖರ್ಚು ಅನಗತ್ಯ.