ಇಸ್ಫಹಾನಿನ ಮಸೀದಿಗಳೆಲ್ಲ ಒಂದೇ ಬಗೆಯವೇ?

ಇರಾನಿನ ಇಸ್ಫಹಾನಿನಲ್ಲಿ ಎರಡೇ ದಿನ ಸಿಗುತ್ತವೆ, ಚಿತ್ರಗಳಲ್ಲಿ ಅಲ್ಲಿನ ಮಸೀದಿಗಳೆಲ್ಲ ಒಂದೇ ರೀತಿ ನೀಲಿಯಾಗಿ ಕಾಣುತ್ತವೆ, ಯಾವುದಾದರೂ ಒಂದನ್ನು ನೋಡಿದರೆ ಸಾಲದೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ನಾನು ಬೀದರಿನವನು, ಮಹಮೂದ್ ಗವಾನನ ಮದರಸಾದ ಗೋಡೆಯ ಮೇಲೆ ಅಲ್ಲಲ್ಲಿ ಉಳಿದಿರುವ ಬಣ್ಣದ ಹೆಂಚುಗಳನ್ನು ನೋಡುತ್ತ ಬೆಳೆದವನು. 1472ರಲ್ಲಿ ಆ ಕಟ್ಟಡವನ್ನು ಕಟ್ಟಿಸಿದ ಗವಾನ್ ಇರಾನಿನ ಗಿಲಾನ್ ಸೀಮೆಯಿಂದ ಬಂದವನು. ಅಂಥ ಹೆಂಚು ಉದುರದೆ ಪೂರ್ತಿಯಾಗಿ ಉಳಿದಿರುವ ಗೋಡೆಯನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬ ಚಿಕ್ಕಂದಿನ ಆಸೆಯೇ ನನ್ನನ್ನು ಇಸ್ಫಹಾನಿಗೆ ಕರೆದೊಯ್ದಿತು.

ಮೊದಲ ದಿನವನ್ನು ನಕ್ಷ್-ಎ-ಜಹಾನ್ ಮೈದಾನಕ್ಕೆ ಮೀಸಲಿಡಿ. ಸಫಾವಿ ದೊರೆ ಮೊದಲನೆಯ ಷಾ ಅಬ್ಬಾಸ್ 1598ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದಲ್ಲಿ ರೂಪುಗೊಂಡ ಈ ಮೈದಾನ ಸುಮಾರು 560 ಮೀಟರ್ ಉದ್ದ, 160 ಮೀಟರ್ ಅಗಲವಿದೆ. ಇದು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಚಾಚಿಕೊಂಡಿದೆ. ಮೆಕ್ಕಾ ಇರುವುದಾದರೋ ನೈಋತ್ಯಕ್ಕೆ. ಮಸೀದಿಯ ಬಾಗಿಲು ಮೈದಾನಕ್ಕೆ ಮುಖ ಮಾಡಿರಬೇಕು, ಒಳಗೆ ನಮಾಜು ಮಾಡುವವರು ಮೆಕ್ಕಾದತ್ತ ತಿರುಗಿರಬೇಕು. ಇವೆರಡರ ನಡುವೆ ಸುಮಾರು 45 ಡಿಗ್ರಿಗಳ ಓರೆ. ಈ ಓರೆಯನ್ನು ಶಿಲ್ಪಿಗಳು ಎರಡು ಮಸೀದಿಗಳಲ್ಲಿ ಎರಡು ಬಗೆಯಲ್ಲಿ ಬಿಡಿಸಿದ್ದಾರೆ. ಚಿತ್ರಗಳಲ್ಲಿ ನಿಮಗೆ ಕಾಣದೆ ಹೋದದ್ದು ಇದೇ.

ಪೂರ್ವ ಬದಿಯಲ್ಲಿರುವ ಶೇಖ್ ಲುತ್ಫುಲ್ಲಾ ಮಸೀದಿಯನ್ನು 1603ರಿಂದ 1619ರವರೆಗೆ ಕಟ್ಟಿದರು. ಇದಕ್ಕೆ ಮಿನಾರೂ ಇಲ್ಲ, ಅಂಗಳವೂ ಇಲ್ಲ, ಹೊರಗಿನ ಗುಮ್ಮಟವೂ ನೀಲಿಯದಲ್ಲ, ಕೆನೆಬಣ್ಣದ್ದು. ಮೈದಾನದಲ್ಲಿ ನಿಂತು ಗಮನಿಸಿದರೆ ಆ ಗುಮ್ಮಟ ಬಾಗಿಲಿನ ನೇರಕ್ಕಿಲ್ಲದೆ ಬಲಕ್ಕೆ ಸರಿದಿರುವುದು ತಿಳಿಯುತ್ತದೆ. ಬಾಗಿಲು ದಾಟಿದೊಡನೆ ಮಬ್ಬುಗತ್ತಲೆಯ ಓಣಿಯೊಂದು ಎಡಕ್ಕೆ ಹೊರಳಿ, ಮುಂದೆ ಬಲಕ್ಕೆ ತಿರುಗುತ್ತದೆ. ಆ ಕೆಲವೇ ಹೆಜ್ಜೆಗಳಲ್ಲಿ ನಾನು ದಿಕ್ಕು ಬದಲಿಸಿದ್ದೇನೆ ಎಂಬುದೇ ನನ್ನ ಅರಿವಿಗೆ ಬರಲಿಲ್ಲ. ಥಟ್ಟನೆ ಹಜಾರ ತೆರೆದುಕೊಂಡು, ಮೆಕ್ಕಾ ದಿಕ್ಕನ್ನು ತೋರುವ ಗೋಡೆಗೂಡಾದ ಮಿಹ್ರಾಬು ಎದುರಿಗೇ ನಿಂತಿತ್ತು. ಅಲ್ಲಿಂದಲೇ ತಲೆಯೆತ್ತಿ ನೋಡಿ. ನಿಂಬೆಯಾಕಾರದ ಚಿತ್ತಾರಗಳು ಮೇಲೆ ಹೋದಂತೆ ಕಿರಿದಾಗುತ್ತ ನಡುವಿನ ಬಿಂದುವನ್ನು ಸೇರುತ್ತವೆ, ಜಾಲಂಧ್ರದಿಂದ ಇಳಿದ ಬೆಳಕು ಆ ಬಿಂದುವಿನ ಕೆಳಗೆ ನವಿಲಿನ ಬಾಲದಂತೆ ಹರಡಿಕೊಳ್ಳುತ್ತದೆ. ನಾನು ಅಲ್ಲಿ ಒಂದು ಗಂಟೆ ಕುಳಿತಿದ್ದೆ, ಇನ್ನೂ ಕೂರಬಹುದಿತ್ತು.

ದಕ್ಷಿಣ ತುದಿಯ ಷಾ ಮಸೀದಿಯ ಕೆಲಸ ಆರಂಭವಾದದ್ದು 1611ರಲ್ಲಿ. ಇಲ್ಲಿ ಬಾಗಿಲಷ್ಟೇ ಮೈದಾನಕ್ಕೆ ನೇರವಾಗಿದ್ದು, ಹಿಂದಿನ ಇಡೀ ಮಸೀದಿಯೇ ಓರೆಯಾಗಿದೆ. ಅದರಿಂದಾಗಿಯೇ ದೊಡ್ಡ ಗುಮ್ಮಟ ಬಾಗಿಲ ಮರೆಗೆ ಸೇರದೆ ಮೈದಾನದಿಂದಲೇ ಕಾಣುತ್ತದೆ. ಗೋಡೆಯ ಹತ್ತಿರ ಹೋಗಿ ಹೆಂಚುಗಳ ಸಂದುಗಳನ್ನು ನೋಡಿ. ಪ್ರವೇಶದ್ವಾರದಲ್ಲಿ ಒಂದೊಂದು ಬಣ್ಣದ ಹೆಂಚನ್ನೂ ಬೇರೆಬೇರೆಯಾಗಿ ಸುಟ್ಟು, ಎಲೆ, ಬಳ್ಳಿ, ಅಕ್ಷರಗಳ ಆಕಾರಕ್ಕೆ ಕತ್ತರಿಸಿ ಜೋಡಿಸಿದ್ದಾರೆ; ಕೆಲವು ಚೂರುಗಳು ಉಗುರಿನಷ್ಟೇ ಇವೆ, ಸಂದು ಚಿತ್ತಾರದ ಅಂಚಿನಲ್ಲೇ ಅಡಗಿಹೋಗುತ್ತದೆ. ಒಳಗಿನ ಗೋಡೆಗಳಲ್ಲಿ ಹೆಚ್ಚಾಗಿ ಇರುವುದು ಹಫ್ತ್‌ರಂಗಿ, ಅಂದರೆ ಏಳು ಬಣ್ಣದ ಕೆಲಸ: ಒಂದೇ ಚೌಕ ಹೆಂಚಿನ ಮೇಲೆ ಹಲವು ಬಣ್ಣಗಳನ್ನು ಬರೆದು, ಅವು ಕಲೆಯದಂತೆ ನಡುವೆ ಕಪ್ಪು ಗೆರೆ ಎಳೆದು, ಒಟ್ಟಿಗೆ ಸುಡುವ ವಿಧಾನ. ಇದರಲ್ಲಿ ಚೌಕಗಳ ನೇರ ಗೆರೆಗಳು ಬಳ್ಳಿಯನ್ನು ನಡುವೆಯೇ ಕತ್ತರಿಸುತ್ತವೆ. ಬೇಗ ಮುಗಿಯುವ ಕೆಲಸವಾದ್ದರಿಂದ ಅಷ್ಟು ದೊಡ್ಡ ಮಸೀದಿಗೆ ಇದು ಅನಿವಾರ್ಯವಾಗಿತ್ತು. ನನಗಂತೂ ಕತ್ತರಿಸಿ ಜೋಡಿಸಿದ ಕೆಲಸವೇ ಹೆಚ್ಚು ಪ್ರಿಯ. ಬೆರಳಂಚಿನಷ್ಟು ದೂರದಲ್ಲಿ ಅದನ್ನು ನೋಡುವಾಗ ನಮ್ಮೂರಿನ ಮದರಸಾದ ಮುರಿದ ಅಂಚುಗಳು ಕಣ್ಣ ಮುಂದೆ ಬಂದವು.

ಮೈದಾನದ ಪಶ್ಚಿಮಕ್ಕಿರುವ ಆಲಿ ಕಾಪು ಅರಮನೆಯನ್ನೂ ಹತ್ತಿ ಬನ್ನಿ; ಮೇಲಿನ ಸಂಗೀತದ ಕೋಣೆಯ ಗಾರೆಯ ಗೋಡೆಯಲ್ಲಿ ಹೂಜಿ, ಬಟ್ಟಲುಗಳ ಆಕಾರದ ಗೂಡುಗಳನ್ನು ಕೊರೆದಿದ್ದಾರೆ. ಸಂಜೆಗೆ ಖಾಜೂ ಸೇತುವೆಯ ಕಮಾನುಗಳಡಿ ಜನ ಕೂಡಿ ಹಾಡುತ್ತಾರೆ. ನಾನು ಹೋದಾಗ ಜಾಯಂದೆ ರೂದ್ ನದಿ ಬತ್ತಿಹೋಗಿತ್ತು, ಹಾಡು ನಿಂತಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಜಾಮೆ ಮಸೀದಿಗೆ ಹೋಗಿ. ಮೈದಾನದ ಉತ್ತರಕ್ಕಿರುವ ಬಜಾರಿನ ಒಳದಾರಿಯಲ್ಲೇ ನಡೆದು ತಲುಪಬಹುದು. ಇಲ್ಲಿ ಸಫಾವಿಗಳಿಗಿಂತ ಬಹಳ ಹಿಂದೆ ಆಳಿದ ಸಲ್ಜುಕ್ ಸುಲ್ತಾನರ ವಜೀರ ನಿಜಾಮುಲ್ ಮುಲ್ಕ್ ದಕ್ಷಿಣದಲ್ಲಿ ಒಂದು ಗುಮ್ಮಟ ಕಟ್ಟಿಸಿದರೆ, ಅವನ ಪ್ರತಿಸ್ಪರ್ಧಿ ತಾಜುಲ್ ಮುಲ್ಕ್ 1088ರಲ್ಲಿ ಉತ್ತರದಲ್ಲಿ ಇನ್ನೊಂದನ್ನು ಎಬ್ಬಿಸಿದ. ಉತ್ತರದ್ದು ಚಿಕ್ಕದು, ಆದರೆ ಇಡೀ ಪ್ರವಾಸದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅದೇ. ಅಲ್ಲಿ ನೀಲಿಯ ಸುಳಿವಿಲ್ಲ, ಇರುವುದೆಲ್ಲ ಬರಿಯ ಇಟ್ಟಿಗೆ. ಚೌಕದ ಗೋಡೆ ಎಂಟು ಮೂಲೆಯಾಗಿ, ಎಂಟು ಹದಿನಾರಾಗಿ, ಹದಿನಾರು ವೃತ್ತವಾಗುತ್ತದೆ. ಅದರ ಮೇಲಿನ ಗುಮ್ಮಟದ ಒಳಮೈಯಲ್ಲಿ ಇಟ್ಟಿಗೆಯ ಏಣುಗಳೇ ಐದು ಮೂಲೆಯ ನಕ್ಷತ್ರವನ್ನು ಬರೆದಿವೆ. ಕುತ್ತಿಗೆ ನೋಯುವವರೆಗೂ ನೋಡಿ, ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು ಮತ್ತೆ ನೋಡಿ.