ನಾಟಕದ ನಟ ಕಿರುಚಿತ್ರ ನಿರ್ದೇಶಿಸಬೇಕಾದರೆ ಫಿಲ್ಮ್ ಸ್ಕೂಲಿಗೆ ಹೋಗಲೇಬೇಕೇ?

ಹವ್ಯಾಸಿ ತಂಡದಲ್ಲಿ ಹತ್ತು ವರ್ಷ ಪಾತ್ರ ಮಾಡಿದ್ದೀರಿ, ಈಗ ಸ್ವಂತ ಕಥೆ ಬರೆದು ನಿರ್ದೇಶಿಸುವ ಆಸೆ, ಅದಕ್ಕೆ ಕೋರ್ಸ್ ಮಾಡಲೇಬೇಕಾ ಅಂತ ಕೇಳಿದ್ದೀರಿ. ನಾನು ಮಾಡಲಿಲ್ಲ. ತುಮಕೂರಿನವನು. ನಾಟಕ, ಆಮೇಲೆ ಧಾರಾವಾಹಿಗಳಲ್ಲಿ ಚಿಲ್ಲರೆ ಪಾತ್ರ, ಈಗ ಮೂರು ಕಿರುಚಿತ್ರ. ಮೊದಲನೆಯದನ್ನು ಯಾರು ಕೇಳಿದರೂ ತೋರಿಸುವುದಿಲ್ಲ.

ಯಾಕೆಂದರೆ ಅದರಲ್ಲಿ ಎಲ್ಲರೂ ಮಾತಾಡುತ್ತಲೇ ಇರುತ್ತಾರೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಜಿಲ್ಲೆ ನಮ್ಮದು, ಕೊನೇ ಸಾಲಿನವನಿಗೂ ಕೇಳಿಸಬೇಕು ಅನ್ನುವುದೇ ನಾವು ಕಲಿತ ಮೊದಲ ಪಾಠ. ಆ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಕ್ಯಾಮೆರಾ ಮುಂದೆ ದನಿ ಇಳಿಸುವುದನ್ನೂ ಕಲಿತರು. ನಾನು ಪೆನ್ನು ಹಿಡಿದಾಗಲೂ ಇಳಿಸಲಿಲ್ಲ.

ಎರಡನೇ ಚಿತ್ರ ತಿಪಟೂರು ಕಡೆಯ ಒಂದು ತೋಟದ ಮನೆಯಲ್ಲಿ. ಮಗ ತೋಟ ಮಾರೋಣ ಅನ್ನುತ್ತಾನೆ, ಅಪ್ಪ ಒಪ್ಪುವುದಿಲ್ಲ. ಅಪ್ಪನಿಗೆ ಒಂದೂವರೆ ಪುಟ ಡೈಲಾಗ್ ಬರೆದಿದ್ದೆ. ಆ ಪಾತ್ರ ಮಾಡಿದ ಹಿರಿಯರು ತಾವೂ ತೆಂಗು ಬೆಳೆಯುವವರು. ರಿಹರ್ಸಲ್‌ನಲ್ಲಿ ಅಟ್ಟ ಹತ್ತಿ ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರು. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹೆಚ್ಚುಕಡಿಮೆ ವರ್ಷವಿಡೀ ಅಟ್ಟದ ಮೇಲಿರಬೇಕು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಒಳಗೆ ಲೊಟಲೊಟ ಅನ್ನುತ್ತೆ. ಇದರಲ್ಲಿನ್ನೂ ನೀರಿತ್ತು. ಮಗನ ಕಡೆ ಒಮ್ಮೆ ನೋಡಿ, ಕಾಯನ್ನು ಇದ್ದ ಜಾಗದಲ್ಲೇ ಇಟ್ಟು ಇಳಿದುಬಂದರು. ಒಂದೂವರೆ ಪುಟಕ್ಕೂ ಅಲ್ಲೇ ಗೀಟು ಎಳೆದೆ.

ಆದರೆ ಟೇಕ್ ತೆಗೆಯುವ ಹೊತ್ತಿಗೆ ತ್ರೀ ಫೇಸ್ ಕರೆಂಟ್ ಬಂತು. ಕರೆಂಟ್ ಬಂದ ತಕ್ಷಣ ಪಂಪ್ ತಾನೇ ಓಡಲಿ ಅಂತ ಆಟೋ ಸ್ಟಾರ್ಟರ್ ಹಾಕಿದ ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಒಟ್ಟಿಗೇ ಗುಂಯ್ ಅಂದವು. ಕಾಯಿಯ ಸದ್ದನ್ನು ರಾತ್ರಿ ಕೋಣೆಯಲ್ಲಿ ಕಂಬಳಿ ಹೊದ್ದು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡೆ. ಹಳ್ಳಿಯಲ್ಲಿ ಶೂಟಿಂಗ್ ಇದ್ದರೆ ಮೊದಲು ಲೈನ್‌ಮನ್‌ನನ್ನು ಕೇಳಿ ಕರೆಂಟಿನ ಟೈಮ್ ಬರೆದುಕೊಳ್ಳಿ. ಫ್ಯಾನ್, ಫ್ರಿಜ್ ಆರಿಸಿ. ಪ್ರತಿ ಜಾಗದಲ್ಲೂ ಯಾರೂ ಉಸಿರೆತ್ತದೆ ಅರ್ಧ ನಿಮಿಷದ ಬರೀ ಮೌನವನ್ನೂ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ತೇಪೆ ಹಾಕಲು ಬೇಕಾಗುತ್ತೆ. ಹಳೇ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕಿದರೆ ಕ್ಯಾಮೆರಾದ ಶಟರ್ ಸ್ಪೀಡ್ 1/50 ಸೆಕೆಂಡಿಗೆ ಇಟ್ಟು ನೋಡಿ, ನಮ್ಮ ಕರೆಂಟ್ 50 ಹರ್ಟ್ಜ್.

ಇನ್ನೊಂದು ಮಾತು, ನಿಮಗೆ ಹಿಡಿಸಲಿಕ್ಕಿಲ್ಲ: ಮೊದಲ ಚಿತ್ರದಲ್ಲಿ ನೀವೇ ಮುಖ್ಯ ಪಾತ್ರ ಮಾಡಬೇಡಿ. ನಾನು ಮಾಡಿದ್ದೆ. ಎದುರಿನ ಹುಡುಗಿ ಮಾತಾಡುವಾಗಲೆಲ್ಲ ನನ್ನ ತುಟಿಯೂ ಅವಳ ಡೈಲಾಗ್ ಹೇಳಿಕೊಳ್ಳುತ್ತಿದ್ದದ್ದು ಎಡಿಟಿಂಗ್‌ನಲ್ಲಿ ಕಂಡಿತು. ಬರೆದವನಲ್ಲವೇ, ಪಾಪ!

ಸ್ಕ್ರಿಪ್ಟ್ ಆರೇಳು ಪುಟ ಸಾಕು. ಪುಟಕ್ಕೆ ಸುಮಾರು ಒಂದು ನಿಮಿಷ ಅನ್ನುವ ಲೆಕ್ಕವಿದೆ, ಮಾತಿಲ್ಲದ ದೃಶ್ಯಕ್ಕೆ ಅದು ಕೈಕೊಡುತ್ತೆ. ಬಜೆಟ್‌ನಲ್ಲಿ ಊಟಕ್ಕೆ ಧಾರಾಳವಾಗಿ ತೆಗೆದಿಡಿ, ನಟರಿಗೆ ದುಡ್ಡು ಕೊಡಲಾಗದಿದ್ದರೆ ಊಟವಾದರೂ ಹೊತ್ತಿಗೆ ಬರಬೇಕು. ಯೂಟ್ಯೂಬ್‌ಗೆ ಹಾಕಲು ಸೆನ್ಸಾರ್ ಸರ್ಟಿಫಿಕೇಟ್ ಬೇಡ, ಥಿಯೇಟರಿನಲ್ಲಿ ಸಾರ್ವಜನಿಕರಿಗೆ ತೋರಿಸಲು ಬೇಕು. ಯಾವುದೋ ಸಿನಿಮಾದ ಹಾಡು ಮಾತ್ರ ಹಿನ್ನೆಲೆಗೆ ಹಾಕಬೇಡಿ, ಅಪ್‌ಲೋಡ್ ಮಾಡಿದ ದಿನವೇ ಕಾಪಿರೈಟ್ ಕ್ಲೇಮ್ ಬಂದು ಕೂತಿರುತ್ತೆ.