ಗಾಲಿ-ಕಂಬಿ: ಹಿಂದಿನ ಡಬ್ಬಿಯ ಬ್ರೇಕ್ ಯಾರ ಕೈಯಲ್ಲಿ?

ಪ್ರಶ್ನೆ: ಹಳೆಯ ಟ್ರಾಮಿನ ಚಿತ್ರವೊಂದರಲ್ಲಿ ಹಿಂದುಗಡೆ ಇನ್ನೊಂದು ಚಿಕ್ಕ ಡಬ್ಬಿ ಇದೆ. ಅದರ ನೆತ್ತಿಯ ಮೇಲೆ ತಂತಿ ಮುಟ್ಟುವ ಕೋಲೇ ಇಲ್ಲ. ಅದು ಓಡುವುದು ಹೇಗೆ, ನಿಲ್ಲುವುದು ಹೇಗೆ?
– ಚನ್ನರಾಯಪಟ್ಟಣದ ಓದುಗರೊಬ್ಬರು

ಉತ್ತರ: ಆಲೂಗೆಡ್ಡೆ ಹೊತ್ತು ಹಾಸನದ ಮಾರುಕಟ್ಟೆಗೆ ಬರುವ ಟ್ರ್ಯಾಕ್ಟರಿನ ಹಿಂದೆ ಏನಿರುತ್ತದೆಯೋ ಅದೇ ಇದು, ಟ್ರೇಲರ್. ಸ್ವಂತ ಮೋಟಾರಿಲ್ಲ. ವಿದ್ಯುತ್ ಟ್ರಾಮ್ ಬಂದಾಗ ಅನೇಕ ಊರುಗಳ ಕಂಪನಿಗಳು ಕುದುರೆ ಟ್ರಾಮುಗಳನ್ನು ಗುಜರಿಗೆ ಹಾಕಲಿಲ್ಲ. ಕುದುರೆ ಕಟ್ಟುವ ಸಜ್ಜನ್ನು ಕಳಚಿ, ಎಳೆಯುವ ಸರಳು ಜೋಡಿಸಿ, ಹೊಸ ಗಾಡಿಯ ಬೆನ್ನಿಗೆ ಕಟ್ಟಿದರು. ಖರ್ಚು ಕಡಿಮೆ, ಕೂರುವ ಜಾಗ ಹೆಚ್ಚು.

ಓಡುವುದು ಸುಲಭ, ನಿಲ್ಲುವುದೇ ಸ್ವಾರಸ್ಯ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿನ ಬ್ರೇಕು, ಕೊಂಡಿ ಪರೀಕ್ಷಿಸುತ್ತಲೇ ತಲೆ ಹಣ್ಣಾದವನು ನಾನು, ಹಾಗಾಗಿ ಇಲ್ಲಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಮೊದಮೊದಲು ಹಿಂದಿನ ಡಬ್ಬಿಯ ಕಂಡಕ್ಟರನೇ ಕೈಬ್ರೇಕ್ ತಿರುಗಿಸಬೇಕಿತ್ತು. ಅವನು ಟಿಕೆಟ್ ಹರಿಯುವುದರಲ್ಲಿ ಮೈಮರೆತರೆ ಹಿಂದಿನ ಭಾರವೆಲ್ಲ ಮುಂದಿನ ಗಾಡಿಗೆ ಗುದ್ದುತ್ತಿತ್ತು. ಆಮೇಲೆ ಬಂದ ಉಪಾಯ ನನಗೆ ಬಹಳ ಇಷ್ಟ. ಚಾಲಕ ಹಿಡಿಯನ್ನು ಬ್ರೇಕಿನ ಕಡೆಗೆ ತಿರುಗಿಸಿದೊಡನೆ ಮುಂದಿನ ಮೋಟಾರುಗಳು ಡೈನಮೋಗಳಾಗುತ್ತವೆ. ಓಟದಿಂದಲೇ ಹುಟ್ಟಿದ ಆ ವಿದ್ಯುತ್ತು ಎರಡು ಡಬ್ಬಿಗಳ ನಡುವೆ ಜೋತುಬಿದ್ದ ಕೇಬಲ್ಲಿನ ಮೂಲಕ ಹಿಂದಕ್ಕೆ ಹರಿದು, ಟ್ರೇಲರಿನ ಅಡಿಯಲ್ಲಿರುವ ತಂತಿಸುರುಳಿಯನ್ನು ಅಯಸ್ಕಾಂತವಾಗಿಸುತ್ತದೆ. ಸುರುಳಿ ಕಬ್ಬಿಣದ ಸರಳೊಂದನ್ನು ಒಳಗೆಳೆದುಕೊಳ್ಳುತ್ತದೆ, ಸರಳು ಬ್ರೇಕ್ ಬ್ಲಾಕನ್ನು ಗಾಲಿಗೆ ಒತ್ತುತ್ತದೆ. ವೇಗ ತೀರಾ ತಗ್ಗಿದಾಗ ಡೈನಮೋದಲ್ಲಿ ಕಸುವಿರುವುದಿಲ್ಲ. ಕೊನೆಗೆ ಅಲುಗಾಡದಂತೆ ಹಿಡಿದು ನಿಲ್ಲಿಸಲು ಕೈಬ್ರೇಕೋ ಗಾಳಿಬ್ರೇಕೋ ಬೇಕೇ ಬೇಕು.

ಪ್ರಶ್ನೆ: ಹಿಂದಿನ ಡಬ್ಬಿ ಎಂದರೆ ಬಡವರ ಡಬ್ಬಿ ಎಂದು ಅರ್ಥವೇ?
– ಸಕಲೇಶಪುರದ ವಿದ್ಯಾರ್ಥಿನಿ

ಉತ್ತರ: ಕೋಲ್ಕತ್ತದ ಟ್ರಾಮ್ ನೋಡಿದವರು ಹಾಗೆಯೇ ಹೇಳುತ್ತಾರಮ್ಮ. ಅಲ್ಲಿ ಮುಂದಿನದು ಫ್ಯಾನ್ ಇದ್ದ ಮೊದಲ ದರ್ಜೆ, ಹಿಂದಿನದು ಅಗ್ಗದ ಎರಡನೇ ದರ್ಜೆ ಆಗಿತ್ತು. ಆದರೆ ಆ ಜೋಡಿ ಕಾಯಂ ಆಗಿ ಬೆಸೆದದ್ದು, ಬೇಕೆಂದಾಗ ಕಳಚುವ ಟ್ರೇಲರ್ ಅಲ್ಲ. ಹಾಂಗ್‌ಕಾಂಗಿನಲ್ಲಿ ನೋಡು, ಲೆಕ್ಕ ತಿರುವುಮುರುವು. 1964ರಿಂದ ಎರಡಂತಸ್ತಿನ ಟ್ರಾಮುಗಳ ಹಿಂದೆ ಒಂದಂತಸ್ತಿನ ಟ್ರೇಲರ್ ಕಟ್ಟತೊಡಗಿದರು, ಒಟ್ಟು 22. ಅವು ಮೊದಲ ದರ್ಜೆಯವರಿಗೇ ಮೀಸಲು! ಮೆಲ್ಬರ್ನಿನಲ್ಲಿ 1885ರಿಂದ 1940ರವರೆಗೆ ಓಡಿದ ಕೇಬಲ್ ಟ್ರಾಮಿನಲ್ಲೂ (ರಸ್ತೆಯಡಿ ಸಾಗುವ ಉಕ್ಕಿನ ಹಗ್ಗವನ್ನು ಹಿಡಿದು ಓಡುವಂಥದ್ದು) ಮುಂದಿನದು ಬಯಲು ಗಾಡಿ, ಗೋಡೆ-ಕಿಟಕಿಗಳ ಭದ್ರತೆ ಇದ್ದದ್ದು ಹಿಂದಿನದಕ್ಕೆ. ಮೋಟಾರಿನ ಗುಂಯ್‌ಗುಟ್ಟುವಿಕೆ ಕಾಲಡಿಯಲ್ಲಿ ಇಲ್ಲದ ಡಬ್ಬಿಯನ್ನು ಕೀಳೆನ್ನಲು ನನಗಂತೂ ಮನಸ್ಸು ಬಾರದು.

ಪ್ರಶ್ನೆ: ಇಷ್ಟು ಅಗ್ಗವಾಗಿದ್ದರೆ ಬಿಟ್ಟುಬಿಟ್ಟದ್ದೇಕೆ?
– ಅದೇ ವಿದ್ಯಾರ್ಥಿನಿ

ಉತ್ತರ: ಡಬ್ಬಿ ಅಗ್ಗ, ಆಳು ದುಬಾರಿ. ಪ್ರತಿ ಟ್ರೇಲರಿಗೆ ಬೇರೆ ಕಂಡಕ್ಟರ್ ಬೇಕು. ಹಳಿ ಸುತ್ತುಹಾಕಿ ಬರುವ ವ್ಯವಸ್ಥೆ ಇಲ್ಲದ ಕೊನೆಯ ನಿಲ್ದಾಣದಲ್ಲಿ ಮುಂದಿನ ಗಾಡಿಯನ್ನು ಬಿಚ್ಚಿ, ಪಕ್ಕದ ಹಳಿಯಲ್ಲಿ ಓಡಿಸಿ, ಇನ್ನೊಂದು ತುದಿಗೆ ಕಟ್ಟಬೇಕು. ಅಷ್ಟು ಹೊತ್ತು ರಸ್ತೆ ಕಾಯಬೇಕು. ಹಾಂಗ್‌ಕಾಂಗಿನವು ಹಳಿ ತಪ್ಪುತ್ತಲೂ ಇದ್ದವು. 1982ರಲ್ಲಿ ಎಲ್ಲವನ್ನೂ ತೆಗೆದುಹಾಕಿದರು.

ಪ್ರಶ್ನೆ: ಹಾಸನಕ್ಕೆ ಟ್ರಾಮ್ ಬಂದೀತೇ?
– ಹೊಳೆನರಸೀಪುರದ ಓದುಗರು

ಉತ್ತರ: ಬಿ.ಎಂ. ರಸ್ತೆಯಲ್ಲಿ ನಿಲ್ಲಿಸಿ ಹೋದ ಕಾರುಗಳನ್ನು ಮೊದಲು ಯಾರಾದರೂ ಎತ್ತಿಡಲಿ, ಸ್ವಾಮಿ. ಹಳಿಯ ಮಾತು ಆಮೇಲೆ.